ಊರಿಗಾಗಿ ದುಡಿದ ಮಕ್ಕಳಿಗೆ ವಿದ್ಯಾರ್ಥಿವೇತನ: ಇಂಥ ಸ್ಪರ್ಧೆಗಳು ನೋಡುವುದೇನನ್ನು?

ಪ್ರೌಢಶಾಲೆ ಅಥವಾ ಪಿಯುಸಿ ಓದುವ ಮಕ್ಕಳಿರುವ ಮನೆಗಳಿಗೆ ಎರಡು ಬಗೆಯ ವಿದ್ಯಾರ್ಥಿವೇತನ ಚೆನ್ನಾಗಿ ಗೊತ್ತು. ಒಂದು, ಹೆಚ್ಚು ಅಂಕ ಪಡೆದವರಿಗೆ ಸಮಾಜದ ಸಂಸ್ಥೆಗಳು ವೇದಿಕೆಯ ಮೇಲೆ ಕೊಡುವ ಪ್ರತಿಭಾ ಪುರಸ್ಕಾರ. ಇನ್ನೊಂದು, ಕುಟುಂಬದ ಆದಾಯ ನೋಡಿ ಸರ್ಕಾರವೋ ಟ್ರಸ್ಟುಗಳೋ ಕೊಡುವ ನೆರವು. ಅಂಕಪಟ್ಟಿ, ಆದಾಯ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್ಕಿನ ಜೆರಾಕ್ಸ್ ಪ್ರತಿ ಜೋಡಿಸಿ ಅರ್ಜಿ ಹಾಕುವುದು ಎಲ್ಲರಿಗೂ ರೂಢಿಯಾಗಿದೆ.

ಮೂರನೆಯ ಬಗೆಯೊಂದಿದೆ. ಅಲ್ಲಿ ಎಲ್ಲಕ್ಕಿಂತ ಮುಖ್ಯವಾಗುವುದು ಅಂಕವೂ ಅಲ್ಲ, ಆದಾಯವೂ ಅಲ್ಲ. ನೀನಿರುವ ಬೀದಿ, ಶಾಲೆ, ಊರು ಸುಧಾರಿಸಲು ನೀನಾಗಿ ಏನು ಮಾಡಿದೆ ಎಂಬ ಪ್ರಶ್ನೆಗೆ ಮಗು ಕೊಡುವ ಉತ್ತರವೇ ಮುಖ್ಯ. ಅಮೆರಿಕದಲ್ಲಿ ಇಂಥ ಸ್ಪರ್ಧೆಗಳಿಗೆ ದಶಕಗಳ ಇತಿಹಾಸವಿದೆ. ಭಾರತದಲ್ಲೂ ಇದೇ ಆಶಯದ ಪುರಸ್ಕಾರಗಳಿವೆ. ಆದರೆ ಇವುಗಳ ಬಗ್ಗೆ ಒಂದು ತಪ್ಪು ತಿಳಿವಳಿಕೆ ಹಬ್ಬಿದೆ. ಹುಟ್ಟುಹಬ್ಬದ ದಿನ ಅನಾಥಾಶ್ರಮಕ್ಕೆ ಹಣ್ಣು ಹಂಚಿ ಫೋಟೋ ತೆಗೆಸಿಕೊಂಡರೆ ಅದೇ ಸಮುದಾಯ ಸೇವೆ, ಅರ್ಜಿಗೆ ಅಷ್ಟೇ ಸಾಕು ಎಂದು ಹಲವರು ಭಾವಿಸಿದ್ದಾರೆ. ತೀರ್ಪುಗಾರರು ನೋಡುವುದು ಬೇರೆಯದನ್ನೇ. ಅದೇನೆಂದು ತಿಳಿಯಲು, ದೀರ್ಘಕಾಲ ನಡೆದ ಒಂದು ಸ್ಪರ್ಧೆಯ ಕ್ರಮವನ್ನು ನೋಡುವುದು ಒಳ್ಳೆಯ ದಾರಿ.

ಇಪ್ಪತ್ತೈದಕ್ಕೂ ಹೆಚ್ಚು ವರ್ಷ ನಡೆದ ಸ್ಪರ್ಧೆ

ಅಮೆರಿಕದ ನ್ಯೂಜೆರ್ಸಿ ರಾಜ್ಯದ ನ್ಯೂವಾರ್ಕ್ ನಗರದಲ್ಲಿ ಪ್ರುಡೆನ್ಷಿಯಲ್ ಎಂಬ ವಿಮಾ ಕಂಪನಿಯ ಮುಖ್ಯ ಕಚೇರಿಯಿದೆ. ಆ ದೇಶದ ಪ್ರೌಢಶಾಲಾ ಮುಖ್ಯೋಪಾಧ್ಯಾಯರ ರಾಷ್ಟ್ರೀಯ ಸಂಘದ ಜೊತೆ ಸೇರಿ ಈ ಕಂಪನಿ 1995ರಲ್ಲಿ ‘ಸ್ಪಿರಿಟ್ ಆಫ್ ಕಮ್ಯುನಿಟಿ ಅವಾರ್ಡ್ಸ್’ ಆರಂಭಿಸಿತು. 5ರಿಂದ 12ನೇ ತರಗತಿಯವರೆಗಿನ ವಿದ್ಯಾರ್ಥಿಗಳಿಗೆ ಇದು ಮುಕ್ತವಾಗಿತ್ತು. ಮೊದಲ ಆಯ್ಕೆ ಶಾಲೆಯಲ್ಲೇ ನಡೆಯುತ್ತಿತ್ತು. ಗರ್ಲ್ ಸ್ಕೌಟ್ಸ್, ಫೋರ್-ಎಚ್, ರೆಡ್‌ಕ್ರಾಸ್‌ನಂತಹ ಸಂಸ್ಥೆಗಳ ಮೂಲಕವೂ ಅರ್ಜಿ ಸಲ್ಲಿಸಬಹುದಿತ್ತು. ವಿದ್ಯಾರ್ಥಿ ಬರೆದದ್ದು ನಿಜವೆಂದು ಮುಖ್ಯೋಪಾಧ್ಯಾಯರು ಅಥವಾ ಸಂಸ್ಥೆಯ ಜವಾಬ್ದಾರರು ದೃಢೀಕರಿಸಬೇಕಿತ್ತು.

ಶಾಲಾ ಹಂತದಲ್ಲಿ ಆಯ್ಕೆಯಾದ ಅರ್ಜಿಗಳು ರಾಜ್ಯ ಹಂತಕ್ಕೆ ಹೋಗುತ್ತಿದ್ದವು. ಪ್ರತಿ ರಾಜ್ಯದಿಂದ ಮಾಧ್ಯಮಿಕ ವಿಭಾಗಕ್ಕೆ ಒಬ್ಬರು, ಪ್ರೌಢಶಾಲಾ ವಿಭಾಗಕ್ಕೆ ಒಬ್ಬರು. ಹೀಗೆ 50 ರಾಜ್ಯಗಳು ಮತ್ತು ರಾಜಧಾನಿ ಪ್ರದೇಶ ಸೇರಿ 102 ಮಂದಿ. ಇವರಿಗೆ ಬೆಳ್ಳಿಯ ಪದಕ ಮತ್ತು ಬಹುಕಾಲ 1,000 ಡಾಲರ್ ನಗದು ಸಿಗುತ್ತಿತ್ತು. ಜೊತೆಗೆ ತಂದೆ ಅಥವಾ ತಾಯಿಯೊಡನೆ ವಾಷಿಂಗ್ಟನ್ ಪ್ರವಾಸ. ಅಲ್ಲಿ ಹತ್ತು ಮಂದಿಯನ್ನು ರಾಷ್ಟ್ರಮಟ್ಟಕ್ಕೆ ಆರಿಸಿ ಚಿನ್ನದ ಪದಕ ಮತ್ತು 5,000 ಡಾಲರ್ ಕೊಡಲಾಗುತ್ತಿತ್ತು. ಇದಲ್ಲದೆ ಆ ಹತ್ತು ಮಕ್ಕಳು ತಾವೇ ಆರಿಸಿದ ಸೇವಾ ಸಂಸ್ಥೆಗೆ ಇನ್ನೂ 5,000 ಡಾಲರ್ ಸಲ್ಲುತ್ತಿತ್ತು. ಗೆದ್ದ ಮಗುವಿನ ಕೈಯಿಂದಲೇ ಮತ್ತೊಂದು ಒಳ್ಳೆಯ ಕೆಲಸಕ್ಕೆ ಹಣ ಹೋಗಲಿ ಎಂಬುದು ಇದರ ಉದ್ದೇಶ.

ಕಾಲು ಶತಮಾನದಲ್ಲಿ ಸ್ಥಳೀಯ, ರಾಜ್ಯ ಹಾಗೂ ರಾಷ್ಟ್ರ ಹಂತಗಳಲ್ಲಿ ಒಟ್ಟು 1,30,000ಕ್ಕೂ ಹೆಚ್ಚು ಮಕ್ಕಳನ್ನು ಈ ಕಾರ್ಯಕ್ರಮ ಗುರುತಿಸಿತು. ಜಪಾನ್, ದಕ್ಷಿಣ ಕೊರಿಯಾ, ತೈವಾನ್, ಐರ್ಲೆಂಡ್ ಮುಂತಾದ ದೇಶಗಳಲ್ಲೂ ಇದರ ಸೋದರ ಕಾರ್ಯಕ್ರಮಗಳು ನಡೆದವು. ಭಾರತದಲ್ಲಿ ಇದು ಪ್ರಾಮೆರಿಕಾ ಹೆಸರಿನಲ್ಲಿ ನಡೆಯಿತು.

ಅಮೆರಿಕದಲ್ಲಿ 2021ರಲ್ಲಿ ಇದರ ರೂಪ ಬದಲಾಯಿತು. ಅಶೋಕ ಎಂಬ ಸಂಸ್ಥೆಯ ಸಹಯೋಗದಲ್ಲಿ ‘ಎಮರ್ಜಿಂಗ್ ವಿಷನರೀಸ್’ ಎಂಬ ಹೊಸ ಸ್ಪರ್ಧೆ ಬಂತು. ಇದು 14ರಿಂದ 18 ವರ್ಷದವರಿಗೆ. ಸಮಾಜದ ಒಂದು ತೊಂದರೆಗೆ ಅಥವಾ ಜನರ ಹಣಕಾಸಿನ ಕಷ್ಟಕ್ಕೆ ಹೊಸ ಪರಿಹಾರ ಕಂಡುಹಿಡಿದು ಜಾರಿಗೆ ತಂದ 25 ಮಂದಿಯನ್ನು ಆರಿಸುವ ಕ್ರಮ ಇದರದು. ಹಳೆಯ ಸ್ಪರ್ಧೆ ‘ಎಷ್ಟು ಸೇವೆ ಮಾಡಿದೆ’ ಎಂದು ಕೇಳಿದರೆ, ಹೊಸದು ‘ಯಾವ ತೊಂದರೆಯನ್ನು ಹೇಗೆ ಬಗೆಹರಿಸಿದೆ’ ಎಂದು ಹೆಚ್ಚು ಒತ್ತಿ ಕೇಳುತ್ತದೆ. ಈ ಎರಡೂ ಅಮೆರಿಕದಲ್ಲಿ ವಾಸಿಸುವ ಮಕ್ಕಳಿಗೆ ಮಾತ್ರ. ಅಲ್ಲಿ ನೆಲೆಸಿರುವ ಬಂಧುಗಳ ಮಕ್ಕಳಿಗೆ ಈ ವಿವರ ನೇರವಾಗಿ ಉಪಯೋಗವಾಗಬಹುದು. ಕರ್ನಾಟಕದ ಮಕ್ಕಳಿಗೆ ಉಪಯೋಗವಾಗುವುದು ಅಲ್ಲಿನ ಅಳತೆಗೋಲು.

ನಾಲ್ಕು ಅಳತೆಗೋಲುಗಳು

ಸ್ಪಿರಿಟ್ ಆಫ್ ಕಮ್ಯುನಿಟಿ ಸ್ಪರ್ಧೆಯಲ್ಲಿ ಅರ್ಜಿಗಳನ್ನು ನಾಲ್ಕು ಅಂಶಗಳಿಂದ ಅಳೆಯುತ್ತಿದ್ದರು. ಸ್ವಂತ ಮುಂದಾಳುತನ, ಪಟ್ಟ ಶ್ರಮ, ಆದ ಪರಿಣಾಮ, ಮತ್ತು ಆ ಕೆಲಸದಿಂದ ವಿದ್ಯಾರ್ಥಿಯಲ್ಲೇ ಆದ ಬೆಳವಣಿಗೆ. ಹೆಸರುಗಳು ಬೇರೆಯಾದರೂ ಇಂಥ ಬಹುತೇಕ ಸ್ಪರ್ಧೆಗಳು ಕೊನೆಗೆ ನೋಡುವುದು ಇವನ್ನೇ.

ಇವು ಸ್ಪಷ್ಟವಾಗಲು ಒಂದು ಸನ್ನಿವೇಶ ಕಲ್ಪಿಸಿಕೊಳ್ಳಬಹುದು. ಇಬ್ಬರು ಒಂಬತ್ತನೇ ತರಗತಿಯ ಮಕ್ಕಳು. ಒಬ್ಬ ಹುಡುಗನ ತಂದೆ ಅನುಕೂಲಸ್ಥರು. ಶಾಲೆ ಶುರುವಾದಾಗ ಅವರು 500 ನೋಟ್‌ಪುಸ್ತಕ ಕೊಂಡು, ಸರ್ಕಾರಿ ಶಾಲೆಯ ಮಕ್ಕಳಿಗೆ ಮಗನ ಕೈಯಿಂದ ಹಂಚಿಸಿದರು. ಇನ್ನೊಬ್ಬಳು ಹುಡುಗಿ. ಊರಿನ ಬಸದಿಯ ವಾರ್ಷಿಕೋತ್ಸವದಲ್ಲಿ ಊಟದ ಮನೆಯ ಹಿಂದೆ ಪ್ಲಾಸ್ಟಿಕ್ ಲೋಟಗಳ ರಾಶಿ ಬಿದ್ದಿದ್ದನ್ನೂ, ಅದನ್ನು ದನಗಳು ಮೇಯುತ್ತಿದ್ದುದನ್ನೂ ಅವಳು ನೋಡಿದಳು. ಮೂರು ದಿನ ಲೋಟಗಳನ್ನು ಎಣಿಸಿ ಬರೆದಿಟ್ಟಳು. ಆ ಲೆಕ್ಕ ಹಿಡಿದು ಬಸದಿಯ ಸಮಿತಿಯವರ ಮುಂದೆ ಹೋದಳು. ಸ್ಟೀಲ್ ಲೋಟ ಕೊಳ್ಳಬಹುದು, ಆದರೆ ತೊಳೆಯುವವರು ಯಾರು ಎಂದು ಹಿರಿಯರು ಕೇಳಿದರು. ಅವಳು ಮಹಿಳಾ ಸಮಾಜದವರನ್ನೂ ಪಾಠಶಾಲೆಯ ಗೆಳೆಯರನ್ನೂ ಕೇಳಿಕೊಂಡು ಸರದಿಯ ಪಟ್ಟಿ ಮಾಡಿದಳು. ಮುಂದಿನ ಉತ್ಸವದಲ್ಲಿ ಲೋಟದ ರಾಶಿ ಕಾಲು ಭಾಗಕ್ಕೆ ಇಳಿಯಿತು.

ಹಂಚಿದ ವಸ್ತುವಿನ ಬೆಲೆ ನೋಡಿದರೆ ಹುಡುಗನ ಕೆಲಸ ದೊಡ್ಡದು. ನೋಟ್‌ಪುಸ್ತಕ ಪಡೆದ ಮಕ್ಕಳಿಗೆ ಅದರಿಂದ ಉಪಕಾರ ಆಗಿಯೇ ಆಗಿದೆ. ಅದು ಒಳ್ಳೆಯ ದಾನ, ಅನುಮಾನವಿಲ್ಲ. ಆದರೆ ದಾನ ತಂದೆಯದು. ಸ್ಪರ್ಧೆಯ ನಾಲ್ಕು ಪ್ರಶ್ನೆಗಳಿಗೆ ಹುಡುಗನ ಬಳಿ ಸ್ವಂತ ಉತ್ತರವಿಲ್ಲ.

ಹುಡುಗಿಯ ಬಳಿ ಇದೆ. ತೊಂದರೆಯನ್ನು ಕಂಡವಳು ಅವಳೇ. ಇದು ಮುಂದಾಳುತನ. ಎಣಿಸಿದ್ದು, ಸಮಿತಿಯ ಮುಂದೆ ಮಾತನಾಡಿದ್ದು, ಸರದಿಗೆ ಬಾರದವರ ಮನೆಗೆ ಮತ್ತೆ ಮತ್ತೆ ಹೋಗಿ ಕರೆದದ್ದು ಶ್ರಮ. ಮೊದಲು ಎಷ್ಟಿತ್ತು, ನಂತರ ಎಷ್ಟಾಯಿತು ಎಂಬ ಲೆಕ್ಕ ಪರಿಣಾಮ. ಹಿರಿಯರ ಮುಂದೆ ಬಾಯಿ ಬಿಡಲು ಹೆದರುತ್ತಿದ್ದವಳು ಸಭೆಯಲ್ಲಿ ಎದ್ದು ನಿಂತು ಲೆಕ್ಕ ಒಪ್ಪಿಸುವಂತಾದದ್ದು ಬೆಳವಣಿಗೆ. ಇದಕ್ಕೆ ತಗುಲಿದ ಖರ್ಚು ಹೆಚ್ಚೇನಿಲ್ಲ. ಹಣವಿಲ್ಲದ ಮನೆಯ ಮಗುವೂ ಸಮನಾಗಿ ನಿಲ್ಲಬಲ್ಲ ಸ್ಪರ್ಧೆ ಇದು ಎನ್ನುವುದು ಈ ಕಾರಣಕ್ಕೇ.

ಈ ಮಾತು ಜೈನ ಸಮಾಜಕ್ಕೆ ಮುಖ್ಯ. ಜೈನರೆಂದರೆ ವ್ಯಾಪಾರಸ್ಥರು, ಹಣವಂತರು ಎಂಬ ಭಾವನೆ ಹೊರಗಿನವರಲ್ಲಿದೆ. ಬೆಳಗಾವಿ, ಬಾಗಲಕೋಟೆ, ಧಾರವಾಡ ಭಾಗದ ಹಳ್ಳಿಗಳಲ್ಲಿ ಮಳೆಯನ್ನೇ ನಂಬಿದ ಜೈನ ರೈತರಿದ್ದಾರೆ. ಸಣ್ಣ ಅಂಗಡಿ, ದಿನಗೂಲಿ, ಖಾಸಗಿ ಕಂಪನಿಯ ಕಡಿಮೆ ಸಂಬಳದಲ್ಲಿ ಮಕ್ಕಳನ್ನು ಓದಿಸುವ ಕುಟುಂಬಗಳು ಎಲ್ಲ ಜಿಲ್ಲೆಗಳಲ್ಲೂ ಇವೆ. ಕೋಚಿಂಗ್‌ಗೆ ಹಣ ಕಟ್ಟಲಾಗದೆ ಅಂಕದ ಓಟದಲ್ಲಿ ಹಿಂದೆ ಉಳಿದ ಮಗುವಿಗೆ ತನ್ನ ಯೋಗ್ಯತೆ ತೋರಿಸಲು ಇದು ಇನ್ನೊಂದು ಬಾಗಿಲು.

ಗಂಟೆಗಳ ಲೆಕ್ಕ

ಅಮೆರಿಕದಲ್ಲಿ ಸೇವೆಯ ಸಮಯವನ್ನು ಗಂಟೆಗಳಲ್ಲಿ ಬರೆದಿಡುವ ರೂಢಿ ಗಟ್ಟಿಯಾಗಿದೆ. 2003ರಲ್ಲಿ ಆರಂಭವಾದ ಅಧ್ಯಕ್ಷರ ಸ್ವಯಂಸೇವಾ ಪುರಸ್ಕಾರದ ಕ್ರಮ ಇದಕ್ಕೆ ಉದಾಹರಣೆ. ಅದರಲ್ಲಿ 11ರಿಂದ 15 ವರ್ಷದವರು ಒಂದು ವರ್ಷದಲ್ಲಿ 50 ಗಂಟೆ ದುಡಿದರೆ ಕಂಚು, 75 ಗಂಟೆಗೆ ಬೆಳ್ಳಿ, 100 ಗಂಟೆಗೆ ಚಿನ್ನ. 16 ವರ್ಷ ದಾಟಿದ ಯುವಜನರಿಗೆ ಕ್ರಮವಾಗಿ 100, 175 ಮತ್ತು 250 ಗಂಟೆ ಎಂದು ಗೊತ್ತುಪಡಿಸಲಾಗಿತ್ತು.

ಐವತ್ತು ಗಂಟೆ ಎಂದರೆ ವಾರಕ್ಕೆ ಒಂದೇ ಗಂಟೆ. ಎಸ್ಸೆಸ್ಸೆಲ್ಸಿ ಇದೆ, ಪಿಯುಸಿ ಇದೆ, ಇದಕ್ಕೆಲ್ಲ ಸಮಯವೆಲ್ಲಿ ಎಂದು ಕೇಳುವ ಪೋಷಕರು ಈ ಲೆಕ್ಕವನ್ನು ಗಮನಿಸಬೇಕು. ಭಾನುವಾರದ ಒಂದು ಗಂಟೆಯನ್ನು ಒಂದೇ ಕೆಲಸಕ್ಕೆ ವರ್ಷವಿಡೀ ಕೊಟ್ಟರೆ ಆಯಿತು. ಪರೀಕ್ಷೆಯ ತಿಂಗಳು ಬಿಟ್ಟು ನಂತರ ಮುಂದುವರಿಸಿದರೂ ನಡೆಯುತ್ತದೆ. ಒಂದೇ ದಿನ ಹತ್ತು ಗಂಟೆ ನಡೆದ ಶಿಬಿರಕ್ಕಿಂತ ಹತ್ತು ವಾರ ನಡೆದ ಒಂದು ಗಂಟೆಯ ಕೆಲಸ ತೀರ್ಪುಗಾರರಿಗೆ ಹೆಚ್ಚು ಹೇಳುತ್ತದೆ.

ಭಾರತದಲ್ಲಿ ಇರುವ ದಾರಿಗಳು

ದೇಶದ ಮಕ್ಕಳಿಗೆ ಸಿಗುವ ಅತಿ ದೊಡ್ಡ ಗೌರವಗಳಲ್ಲಿ ಒಂದು ಪ್ರಧಾನಮಂತ್ರಿ ರಾಷ್ಟ್ರೀಯ ಬಾಲ ಪುರಸ್ಕಾರ. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ ಇದನ್ನು ನಡೆಸುತ್ತದೆ. 5 ವರ್ಷ ಮೇಲ್ಪಟ್ಟು 18 ವರ್ಷ ಮೀರದ, ಭಾರತದಲ್ಲೇ ವಾಸಿಸುವ ಭಾರತೀಯ ಮಕ್ಕಳು ಇದಕ್ಕೆ ಅರ್ಹರು. ಶೌರ್ಯ, ಕ್ರೀಡೆ, ಕಲೆ, ವಿಜ್ಞಾನಗಳ ಜೊತೆ ಸಮಾಜ ಸೇವೆ ಮತ್ತು ಪರಿಸರವೂ ಇದರ ವಿಭಾಗಗಳು. ಕೇಂದ್ರ ಸರ್ಕಾರದ ರಾಷ್ಟ್ರೀಯ ಪುರಸ್ಕಾರ ಪೋರ್ಟಲ್‌ನಲ್ಲಿ ನಾಮನಿರ್ದೇಶನ ಮಾಡಬೇಕು. ಶಾಲೆ, ಸಂಘ ಸಂಸ್ಥೆ ಅಥವಾ ಯಾರು ಬೇಕಾದರೂ ಮಗುವಿನ ಹೆಸರು ಸೂಚಿಸಬಹುದು. ಮಗು ತನ್ನ ಹೆಸರನ್ನು ತಾನೇ ಸೂಚಿಸಲೂ ಅವಕಾಶವಿದೆ. ರಾಷ್ಟ್ರಪತಿಯವರು ಪದಕ ಮತ್ತು ಪ್ರಮಾಣಪತ್ರ ಪ್ರದಾನ ಮಾಡುತ್ತಾರೆ. ಪ್ರತಿ ವರ್ಷದ ಕೊನೆಯ ದಿನಾಂಕವನ್ನು ಪೋರ್ಟಲ್‌ನಲ್ಲೇ ನೋಡಿಕೊಳ್ಳಬೇಕು.

ಶಾಲೆಯ ತಂಡಗಳಿಗೆ ಇನ್ನೊಂದು ದಾರಿ ‘ಡಿಸೈನ್ ಫಾರ್ ಚೇಂಜ್’. ಅಹಮದಾಬಾದಿನ ರಿವರ್‌ಸೈಡ್ ಶಾಲೆಯ ಸ್ಥಾಪಕಿ ಕಿರಣ್ ಬೀರ್ ಸೇಥಿ ಅವರು 2009ರಲ್ಲಿ ಇದನ್ನು ಆರಂಭಿಸಿದರು. ಅದೇ ವರ್ಷದ ನವೆಂಬರ್‌ನಲ್ಲಿ ಮೈಸೂರಿನಲ್ಲಿ ನಡೆದ ಟೆಡ್ ಇಂಡಿಯಾ ಸಮ್ಮೇಳನದಲ್ಲಿ, ಮಕ್ಕಳ ಕೈಗೆ ಜವಾಬ್ದಾರಿ ಕೊಟ್ಟರೆ ಏನಾಗುತ್ತದೆ ಎಂಬುದನ್ನು ಅವರು ವಿವರಿಸಿದರು. ನಂತರ ಈ ಕ್ರಮ ಹಲವು ದೇಶಗಳಿಗೆ ಹರಡಿತು. ಇದರ ಹಂತಗಳು ನಾಲ್ಕು. ಸುತ್ತಲಿನ ತೊಂದರೆಯನ್ನು ಮನಸ್ಸಿಗೆ ತಂದುಕೊಳ್ಳುವುದು, ಪರಿಹಾರವನ್ನು ಕಲ್ಪಿಸುವುದು, ಮಾಡುವುದು, ಮಾಡಿದ್ದನ್ನು ಇತರರೊಡನೆ ಹಂಚಿಕೊಳ್ಳುವುದು. ಸ್ಪರ್ಧೆಗೆ ಹೋಗದ ಪಾಠಶಾಲೆಗಳೂ ಈ ನಾಲ್ಕು ಹಂತಗಳನ್ನು ಬಳಸಿ ಮಕ್ಕಳಿಂದ ಕೆಲಸ ಮಾಡಿಸಬಹುದು.

ಸ್ಕೌಟ್ಸ್ ಮತ್ತು ಗೈಡ್ಸ್‌ನ ರಾಜ್ಯ ಪುರಸ್ಕಾರ, ಪದವಿಪೂರ್ವ ಹಂತದ ಎನ್‌ಎಸ್‌ಎಸ್ ಘಟಕಗಳು ಕೂಡ ಇದೇ ಬಗೆಯ ಅಭ್ಯಾಸಕ್ಕೆ ನೆಲೆ. ದಕ್ಷಿಣ ಭಾರತ ಜೈನ ಸಭೆಯ ವೀರ ಸೇವಾ ದಳದ ಯುವಕರು ಪಂಚಕಲ್ಯಾಣದಂತಹ ಮಹೋತ್ಸವಗಳಲ್ಲಿ ಶಿಸ್ತಿನಿಂದ ದುಡಿಯುವುದನ್ನು ಉತ್ತರ ಕರ್ನಾಟಕದ ಜೈನರೆಲ್ಲ ಕಂಡಿದ್ದಾರೆ. ಸೇವೆ ಸಮಾಜಕ್ಕೆ ಹೊಸದಲ್ಲ. ಅದನ್ನು ದಾಖಲಿಸುವ ಅಭ್ಯಾಸ ಮಾತ್ರ ಕಡಿಮೆ.

ಸೇವೆಗೆ ಬಹುಮಾನ ಕೇಳುವುದು ಸರಿಯೇ?

ಹಿರಿಯರ ಮನಸ್ಸಿನಲ್ಲಿ ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎಂದು ಕಲಿಸಿ ಬೆಳೆಸಿದ ಮನೆಗಳಿವೆ. ಗುಪ್ತದಾನವನ್ನು ಶ್ರೇಷ್ಠವೆಂದು ಕಾಣುವ ಸಮಾಜವಿದು. ಕ್ರೋಧ, ಮಾನ, ಮಾಯೆ, ಲೋಭ ಎಂಬ ನಾಲ್ಕು ಕಷಾಯಗಳಲ್ಲಿ ಮಾನವೂ ಒಂದು. ಹೀಗಿರುವಾಗ ‘ನಾನು ಇಷ್ಟು ಸೇವೆ ಮಾಡಿದೆ’ ಎಂದು ಅರ್ಜಿಯಲ್ಲಿ ಬರೆದು ಬಹುಮಾನ ಕೇಳುವುದು ಮಕ್ಕಳಿಗೆ ಅಹಂಕಾರ ಕಲಿಸಿದಂತೆ ಆಗುವುದಿಲ್ಲವೇ?

ಪ್ರಶ್ನೆ ಹಗುರವಲ್ಲ. ಬಹುಮಾನಕ್ಕಾಗಿಯೇ ಸೇವೆ ಶುರುವಾದರೆ, ಬಹುಮಾನ ಬಾರದ ದಿನ ಸೇವೆಯೂ ನಿಲ್ಲುತ್ತದೆ. ಆದರೆ ಪರಂಪರೆಯಲ್ಲೇ ಇನ್ನೊಂದು ಮುಖವೂ ಇದೆ. ವೈಯಾವೃತ್ಯ, ಅಂದರೆ ಸೇವೆ, ಆರು ಅಂತರಂಗ ತಪಸ್ಸುಗಳಲ್ಲಿ ಒಂದು. ಅದು ಹೊರಗಿನವರಿಗೆ ಉಪಕಾರ ಮಾಡುವುದಷ್ಟೇ ಅಲ್ಲ, ಮಾಡುವವರನ್ನು ಒಳಗಿನಿಂದ ತಿದ್ದುವ ಸಾಧನೆ. ಸ್ಪರ್ಧೆಯ ನಾಲ್ಕನೆಯ ಅಳತೆಗೋಲಾದ ‘ತನ್ನಲ್ಲೇ ಆದ ಬೆಳವಣಿಗೆ’ ಇದಕ್ಕೆ ಬಹಳ ಹತ್ತಿರದ್ದು.

ಒಳ್ಳೆಯ ಕೆಲಸ ದಾಖಲಾಗುವುದರಿಂದ ಇತರರಿಗೆ ದಾರಿ ಸಿಗುತ್ತದೆ ಎಂಬುದಕ್ಕೂ ಕನ್ನಡ ನಾಡಿನಲ್ಲೇ ಉದಾಹರಣೆಯಿದೆ. ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು ಎಂಬುದು ಪ್ರತಿ ಜೈನ ಮಗುವೂ ಕೇಳಿದ ಮಾತು. ಮುದ್ರಣವಿಲ್ಲದ ಕಾಲ. ಓಲೆಗರಿಯ ಒಂದೊಂದು ಪ್ರತಿಯನ್ನೂ ಕೈಯಿಂದಲೇ ಬರೆಯಿಸಬೇಕಿತ್ತು. ಅವಳು ಕಂಡದ್ದು ಒಂದು ಕೊರತೆ, ಗ್ರಂಥಗಳು ಜನರ ಕೈಗೆ ಸಿಗುತ್ತಿಲ್ಲ ಎಂಬುದು. ಮಾಡಿದ್ದು ಅದಕ್ಕೆ ತಕ್ಕ ಪರಿಹಾರ. ಅವಳನ್ನು ಆಶ್ರಯಿಸಿದ ರನ್ನ ಅದನ್ನು ಕಾವ್ಯದಲ್ಲಿ ಸೇರಿಸಿದ, ಲಕ್ಕುಂಡಿಯ ಶಾಸನ ಕಲ್ಲಿನಲ್ಲಿ ಉಳಿಸಿತು. ದಾಖಲೆ ಇಲ್ಲದಿದ್ದರೆ ಸಾವಿರ ವರ್ಷದ ನಂತರದ ಮಕ್ಕಳಿಗೆ ಅವಳ ಕೆಲಸ ತಿಳಿಯುತ್ತಿರಲಿಲ್ಲ. ಆಹಾರ, ಔಷಧ, ವಿದ್ಯೆ, ಅಭಯ ಎಂಬ ನಾಲ್ಕು ದಾನಗಳನ್ನು ಧರ್ಮಸ್ಥಳ ಇಂದಿಗೂ ನಡೆಸಿಕೊಂಡು ಬರುವುದನ್ನು ನಾಡು ಬಲ್ಲದು. ತಿಳಿದದ್ದರಿಂದಲೇ ಇತರರೂ ಕಲಿಯುತ್ತಾರೆ.

ಮಾನ ಕಷಾಯಕ್ಕೆ ಸಿಲುಕದಂತೆ ಅರ್ಜಿ ಬರೆಯಲು ಒಂದು ಸರಳ ಕ್ರಮ ಸಾಕು. ನಡೆದದ್ದನ್ನು ನಡೆದಷ್ಟೇ ಬರೆಯುವುದು. ಮೂವತ್ತು ಜನಕ್ಕೆ ಉಪಯೋಗವಾದದ್ದನ್ನು ಮುನ್ನೂರು ಎಂದು ಬರೆದರೆ ಸತ್ಯ ಅಣುವ್ರತಕ್ಕೆ ಭಂಗ. ಗೆಳೆಯರು ಮಾಡಿದ್ದನ್ನು ತನ್ನದೆಂದು ಬರೆದರೆ ಅದು ಅಚೌರ್ಯಕ್ಕೂ ಭಂಗ. ಸಹಾಯ ಮಾಡಿದವರನ್ನು ನೆನೆದು, ವಿಫಲವಾದ ಪ್ರಯತ್ನವನ್ನೂ ಬರೆದ ಅರ್ಜಿ ಓದುವವರಿಗೆ ಹೆಚ್ಚು ನಂಬಿಕೆ ಹುಟ್ಟಿಸುತ್ತದೆ.

ಪೋಷಕರ ಕೈ ಎಲ್ಲಿಯವರೆಗೆ?

ಇಂಥ ಸ್ಪರ್ಧೆಗಳಲ್ಲಿ ದೊಡ್ಡ ತೊಡಕು ಮಕ್ಕಳಿಂದ ಬರುವುದಿಲ್ಲ, ಮನೆಯಿಂದ ಬರುತ್ತದೆ. ಮಗ ಗೆಲ್ಲಲಿ ಎಂಬ ಆಸೆಯಿಂದ ತಂದೆ ಕೆಲಸ ಹುಡುಕುತ್ತಾರೆ, ತಾಯಿ ಪ್ರಬಂಧ ಬರೆಯುತ್ತಾರೆ, ಮಾವ ಪರಿಚಯದವರಿಂದ ಶಿಫಾರಸು ಪತ್ರ ತರುತ್ತಾರೆ. ಮಗು ಫೋಟೋದಲ್ಲಿ ನಿಲ್ಲುತ್ತದೆ. ಅನುಭವವಿರುವ ತೀರ್ಪುಗಾರರು ಇದನ್ನು ಬೇಗ ಗುರುತಿಸುತ್ತಾರೆ. ಸಂದರ್ಶನವಿದ್ದರೆ ಎರಡನೆಯ ಪ್ರಶ್ನೆಗೇ ಗೊತ್ತಾಗುತ್ತದೆ. ಗೊತ್ತಾಗದೆ ಹೋದರೂ ನಷ್ಟ ಮಗುವಿಗೇ. ಸುಳ್ಳಿನಿಂದ ಗೆಲ್ಲಬಹುದು ಎಂಬ ಪಾಠವನ್ನು ಅದು ಸ್ವಂತ ಮನೆಯಲ್ಲೇ ಕಲಿಯುತ್ತದೆ.

ಪೋಷಕರು ಮಾಡಬೇಕಾದ ಕೆಲಸವೂ ಇದೆ. ಸುರಕ್ಷತೆ ಅವರ ಹೊಣೆ. ಕೆರೆಯಂಚಿನಲ್ಲಿ, ವಾಹನ ಓಡಾಡುವ ರಸ್ತೆಯಲ್ಲಿ, ಅಪರಿಚಿತರ ಮನೆಯಲ್ಲಿ ಮಕ್ಕಳನ್ನು ಒಂಟಿಯಾಗಿ ಬಿಡಬಾರದು. ವಯಸ್ಸಿನ ಮಿತಿ ತಿಳಿದಿರಬೇಕು. ರಕ್ತದಾನಕ್ಕೆ 18 ವರ್ಷ ತುಂಬಿರಬೇಕು, ಆದ್ದರಿಂದ ಪ್ರೌಢಶಾಲೆಯ ಮಕ್ಕಳು ರಕ್ತ ಕೊಡುವಂತಿಲ್ಲ. ಶಿಬಿರಕ್ಕೆ ಜನರನ್ನು ಒಪ್ಪಿಸಿ ಕರೆತರುವ ಕೆಲಸ ಮಾಡಬಹುದು. ಪಂಚಾಯಿತಿ, ಶಾಲೆ, ಬಸದಿ ಸಮಿತಿಗಳ ಅನುಮತಿ ಪಡೆಯಲು ಜೊತೆಗೆ ಹೋಗಬಹುದು. ಆದರೆ ಅಲ್ಲಿ ಮಾತನಾಡುವುದು ಮಗುವೇ ಆಗಲಿ.

ಇನ್ನೊಂದು ಎಚ್ಚರ ಫೋಟೋಗಳದು. ನೆರವು ಪಡೆಯುವ ವೃದ್ಧರ, ಕಾಯಿಲೆಯವರ, ಬಡ ಮಕ್ಕಳ ಮುಖವನ್ನು ಅವರ ಒಪ್ಪಿಗೆಯಿಲ್ಲದೆ ತೆಗೆದು ಹಂಚುವುದು ಅವರ ಮನಸ್ಸಿಗೆ ನೋವು ಕೊಡುವ ಕೆಲಸ. ಅಹಿಂಸೆ ಇಲ್ಲಿಗೂ ಅನ್ವಯಿಸುತ್ತದೆ. ಬದಲಾದ ಜಾಗದ ಫೋಟೋ, ದಿನಚರಿಯ ಪುಟ, ಲೆಕ್ಕದ ಹಾಳೆ ಪುರಾವೆಗೆ ಸಾಕು.

ಶುರು ಮಾಡುವುದು ಹೇಗೆ?

ಮೊದಲು ಒಂದು ನೋಟ್‌ಪುಸ್ತಕ. ಎರಡು ವಾರ ಮಗು ತನ್ನ ದಾರಿಯಲ್ಲಿ, ಶಾಲೆಯಲ್ಲಿ, ಬಸದಿಯಲ್ಲಿ ಕಂಡ ಕೊರತೆಗಳನ್ನು ಬರೆಯಲಿ. ಬೇಸಿಗೆಯಲ್ಲಿ ಹಕ್ಕಿಗಳಿಗೆ ನೀರಿಲ್ಲ, ಅಜ್ಜಿಯರಿಗೆ ಪಿಂಚಣಿಯ ಮೆಸೇಜ್ ಓದಲು ಬರುವುದಿಲ್ಲ, ಬಸದಿಯ ಮುಂದಿನ ಶಾಸನದ ಮೇಲೆ ಸುಣ್ಣ ಬಳಿದಿದ್ದಾರೆ, ನಾಲ್ಕನೇ ತರಗತಿಯ ಮಕ್ಕಳಿಗೆ ಕನ್ನಡ ಓದಲು ತಡವರಿಕೆ. ಇಂಥವು ಹತ್ತಾದರೂ ಸಿಗುತ್ತವೆ. ಅವುಗಳಲ್ಲಿ ಮಗುವಿನ ಕೈಗೆಟಕುವ, ಮನಸ್ಸನ್ನು ಕಾಡುವ ಒಂದನ್ನು ಆರಿಸಿಕೊಳ್ಳಲಿ. ನಂತರದ ಹಂತಗಳು ಹೀಗಿರಬಹುದು.

1. ಈಗಿನ ಸ್ಥಿತಿಯನ್ನು ಅಳೆದು ಬರೆಯುವುದು. ಎಷ್ಟು ಲೋಟ, ಎಷ್ಟು ಮಕ್ಕಳು, ಎಷ್ಟು ಮನೆ ಎಂಬ ಲೆಕ್ಕ ಮೊದಲ ದಿನವೇ ಇರಬೇಕು. ಕೆಲಸ ಮುಗಿದ ಮೇಲೆ ಹಳೆಯ ಲೆಕ್ಕ ಸಿಗುವುದಿಲ್ಲ.

2. ತೊಂದರೆ ಅನುಭವಿಸುತ್ತಿರುವವರನ್ನೇ ಕೇಳುವುದು. ಅವರಿಗೆ ಬೇಡವಾದ ಸಹಾಯ ಸೇವೆಯಲ್ಲ.

3. ಹೊಣೆಯುಳ್ಳ ಒಬ್ಬ ಶಿಕ್ಷಕರನ್ನು ಅಥವಾ ಹಿರಿಯರನ್ನು ಮಾರ್ಗದರ್ಶಕರಾಗಿ ಕೇಳಿಕೊಳ್ಳುವುದು. ಮುಂದೆ ದೃಢೀಕರಣ ಪತ್ರವೂ ಅವರಿಂದಲೇ ಬೇಕಾಗುತ್ತದೆ.

4. ಪ್ರತಿ ವಾರ ದಿನಾಂಕ, ಸಮಯ, ಮಾಡಿದ ಕೆಲಸ, ಬಂದ ಅಡ್ಡಿಯನ್ನು ನಾಲ್ಕು ಸಾಲಿನಲ್ಲಿ ಬರೆಯುವುದು.

5. ಮೂರು ತಿಂಗಳಿಗೊಮ್ಮೆ ಮತ್ತೆ ಅಳೆಯುವುದು. ಬದಲಾವಣೆ ಆಗದಿದ್ದರೆ ಕ್ರಮವನ್ನೇ ಬದಲಿಸುವುದು.

6. ತಾನು ಕಾಲೇಜಿಗೆ ಬೇರೆ ಊರಿಗೆ ಹೋದ ಮೇಲೆ ಕೆಲಸ ಮುಂದುವರಿಸುವವರು ಯಾರು ಎಂದು ಮೊದಲೇ ಯೋಚಿಸಿ, ಕಿರಿಯರಿಗೆ ಕಲಿಸುವುದು.

ಅರ್ಜಿಯ ಪ್ರಬಂಧ ಬರೆಯುವಾಗ ದೊಡ್ಡ ಮಾತುಗಳು ಬೇಡ. ಸಮಾಜವನ್ನು ಬದಲಿಸುವ ಪಣ ತೊಟ್ಟೆ ಎನ್ನುವುದಕ್ಕಿಂತ, ಮೊದಲ ವಾರ ಆರು ಮಂದಿ ಬಂದರು, ಎರಡನೇ ವಾರ ಇಬ್ಬರೇ ಬಂದರು, ಆಗ ಸಮಯವನ್ನು ಬೆಳಗ್ಗೆಯಿಂದ ಸಂಜೆಗೆ ಬದಲಿಸಿದೆ ಎನ್ನುವುದು ಹೆಚ್ಚು ಹೇಳುತ್ತದೆ.

ಹಣದ ಬಗ್ಗೆ ನೇರ ಮಾತು

ಇಂಥ ಬಹುಮಾನವನ್ನು ನಂಬಿ ಕಾಲೇಜಿನ ಶುಲ್ಕಕ್ಕೆ ಯೋಜನೆ ಹಾಕುವುದು ಸರಿಯಲ್ಲ. ಗೆಲ್ಲುವವರು ಕೆಲವರೇ. ಓದಿಗೆ ಖಚಿತ ನೆರವು ಬೇಕಾದ ಕುಟುಂಬಗಳು ಇತರ ಯೋಜನೆಗಳನ್ನು ಮೊದಲು ನೋಡಬೇಕು. ರಾಷ್ಟ್ರೀಯ ಆದಾಯ ಮತ್ತು ಪ್ರತಿಭಾ ವಿದ್ಯಾರ್ಥಿವೇತನ ಪರೀಕ್ಷೆಯನ್ನು 8ನೇ ತರಗತಿಯಲ್ಲಿ ಬರೆಯಬೇಕು. ಸರ್ಕಾರಿ, ಅನುದಾನಿತ ಹಾಗೂ ಸ್ಥಳೀಯ ಸಂಸ್ಥೆಗಳ ಶಾಲೆಗಳಲ್ಲಿ ಓದುವ, ಕುಟುಂಬದ ವಾರ್ಷಿಕ ಆದಾಯ 3.5 ಲಕ್ಷ ರೂಪಾಯಿ ಮೀರದ ಮಕ್ಕಳಿಗೆ ಇದು ಅನ್ವಯ. ಆಯ್ಕೆಯಾದರೆ 9ರಿಂದ 12ನೇ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ ಸಿಗುತ್ತದೆ. 2014ರ ಜನವರಿಯಲ್ಲಿ ಜೈನರನ್ನು ರಾಷ್ಟ್ರೀಯ ಅಲ್ಪಸಂಖ್ಯಾತ ಸಮುದಾಯವೆಂದು ಘೋಷಿಸಿದ ನಂತರ ಅಲ್ಪಸಂಖ್ಯಾತರ ವಿದ್ಯಾರ್ಥಿವೇತನ ಯೋಜನೆಗಳೂ ಜೈನ ಮಕ್ಕಳಿಗೆ ತೆರೆದಿವೆ. ಸಮಾಜದ ಸಂಸ್ಥೆಗಳ ನೆರವು ಬೇರೆ ಇದೆ.

ಸೇವೆಯ ಸ್ಪರ್ಧೆ ಇವುಗಳಿಗೆ ಬದಲಿಯಲ್ಲ. ಅದು ಕೊಡುವುದು ಬೇರೆಯದನ್ನು. ಅಪರಿಚಿತರ ಮುಂದೆ ಮಾತನಾಡುವ ಧೈರ್ಯ, ಲೆಕ್ಕ ಇಡುವ ಶಿಸ್ತು, ಒಪ್ಪದವರನ್ನು ತಾಳ್ಮೆಯಿಂದ ಒಪ್ಪಿಸುವ ಗುಣ. ವಿದೇಶದ ಹಲವು ವಿಶ್ವವಿದ್ಯಾಲಯಗಳು ಪ್ರವೇಶದ ಅರ್ಜಿಯಲ್ಲಿ ಇಂಥ ಕೆಲಸದ ವಿವರ ಕೇಳುತ್ತವೆ. ಅಲ್ಲಿಗೆ ಹೋಗದ ಮಗುವಿಗೂ ಈ ಗುಣಗಳು ಬದುಕಿನುದ್ದಕ್ಕೂ ಬೇಕು.

ಸಮಾಜದ ಸಂಸ್ಥೆಗಳು ಮಾಡಬಹುದಾದದ್ದು

ಪ್ರತಿಭಾ ಪುರಸ್ಕಾರ ಸಮಾರಂಭಗಳನ್ನು ನಡೆಸುವ ಜೈನ್ ಮಿಲನ್ ಶಾಖೆಗಳು, ಬಸದಿ ಟ್ರಸ್ಟುಗಳು, ಮಹಿಳಾ ಸಮಾಜಗಳು ಅಂಕದ ಬಹುಮಾನಗಳ ಜೊತೆಗೆ ಒಂದೆರಡನ್ನು ಸೇವೆಗೆ ಮೀಸಲಿಡಬಹುದು. ಇದಕ್ಕೆ ದೊಡ್ಡ ನಿಧಿ ಬೇಡ. ಅರ್ಜಿ ಎರಡು ಪುಟ ಮೀರದಿರಲಿ, ಮಗುವಿನ ಕೈಬರಹದಲ್ಲೇ ಇರಲಿ. ತೀರ್ಪುಗಾರರಲ್ಲಿ ಒಬ್ಬರಾದರೂ ಹೊರಗಿನ ಶಿಕ್ಷಕರಿರಲಿ. ಸಮಿತಿಯ ಸದಸ್ಯರ ಮಕ್ಕಳ ಅರ್ಜಿ ಬಂದರೆ ಆ ಸದಸ್ಯರು ತೀರ್ಪಿನಿಂದ ದೂರ ಉಳಿಯಲಿ. ಕೆಲಸ ನಡೆದ ಜಾಗಕ್ಕೆ ಒಬ್ಬರು ಹೋಗಿ ನೋಡಿ ಬರಲಿ. ಗೆದ್ದ ಮಗುವಿಗೆ ಕೊಡುವಷ್ಟೇ ಹಣವನ್ನು ಆ ಮಗುವಿನ ಕೆಲಸಕ್ಕೂ ಕೊಟ್ಟರೆ ಕೆಲಸ ಮುಂದುವರಿಯುತ್ತದೆ. ಗೆಲ್ಲದ ಮಕ್ಕಳ ಕೆಲಸವನ್ನೂ ಸಭೆಯಲ್ಲಿ ಓದಿ ಹೇಳಲಿ. ಇತರರ ಗುಣ ಕಂಡು ಸಂತೋಷಪಡುವ ಪ್ರಮೋದ ಭಾವನೆಯನ್ನು ಮಕ್ಕಳು ಅಲ್ಲೇ ಕಲಿಯುತ್ತಾರೆ.

ಬಹುಮಾನ ಬರಲಿ, ಬಾರದಿರಲಿ, ಆ ಹುಡುಗಿಯ ಊರಿನ ಉತ್ಸವದಲ್ಲಿ ಊಟದ ಮನೆಯ ಹಿಂದಿನ ಜಾಗ ಸ್ವಚ್ಛವಾಗಿರುತ್ತದೆ. ದನಗಳ ಹೊಟ್ಟೆಗೆ ಪ್ಲಾಸ್ಟಿಕ್ ಹೋಗುವುದು ಕಡಿಮೆಯಾಗಿರುತ್ತದೆ. ಮುಂದಿನ ವರ್ಷದ ಲೋಟ ತೊಳೆಯುವ ಸರದಿಯ ಪಟ್ಟಿಯನ್ನು ಏಳನೇ ತರಗತಿಯ ಇನ್ನೊಂದು ಮಗು ಬರೆಯುತ್ತಿರುತ್ತದೆ.